ಗೌರಿಯ ಬಿಳಿ ಚರ್ಮ ಮಾತ್ರ ಯಾಕೆ ಸುಟ್ಟಿತು?

 

ಈ ಸಲದ ಗೋಡೆ ಪತ್ರಿಕೆಗೆ 'ನಮ್ಮ ಸುತ್ತಲಿನ ಗಿಡಗಳು' ಎಂದು ವಿಷಯ ಕೊಟ್ಟಾಗ ಎಲ್ಲರೂ ತುಳಸಿ, ಬೇವು, ಹೊಂಗೆ ಅಂತ ಹೆಸರು ಬರೆಸಿದರು. ಬೇವಿನ ಮೇಲೇ ನಾಲ್ಕು ಜನ ಬರೆದಿದ್ದಾರೆ. ನಾನು ರೋಜಾ ಗಿಡ ಎಂದೆ. ರೋಜಾ ಅಂದರೆ ಗುಲಾಬಿ ಅಲ್ಲ. ನಮ್ಮ ಕೆರೆ ಏರಿ ಹಿಂದೆ, ಹೊಲದ ಬದುವಿನಲ್ಲಿ, ಕಾಡಿನ ಅಂಚಿನಲ್ಲಿ ಪೊದೆಪೊದೆಯಾಗಿ ಬೆಳೆದಿದೆಯಲ್ಲ, ಒಂದೇ ಗೊಂಚಲಿನಲ್ಲಿ ಹಳದಿ ಕೆಂಪು ಹೂ ಬಿಡುತ್ತದೆ, ಎಲೆ ಉಜ್ಜಿದರೆ ಘಾಟು ವಾಸನೆ, ಅದು. ಪುಸ್ತಕದಲ್ಲಿ ಅದಕ್ಕೆ ಲಂಟಾನ ಅಂತ ಹೆಸರಿದೆ. ಕೆಲವರು ನಕ್ಕರು. ಯಾಕೆ ಬರೆಯುತ್ತೇನೆ ಅಂತ ಮೇಷ್ಟ್ರಿಗೆ ಗೊತ್ತು, ಅದಕ್ಕೇ ನನಗೆ ಎರಡು ಹಾಳೆ ಜಾಸ್ತಿ ಕೊಟ್ಟಿದ್ದಾರೆ.

2023ರಲ್ಲಿ ಮಳೆ ಕೈಕೊಟ್ಟು ಬರ ಬಂದಿದ್ದು ನಿಮಗೆಲ್ಲ ನೆನಪಿರಬಹುದು. 2024ರ ಮಾರ್ಚಿ ತಿಂಗಳ ಹೊತ್ತಿಗೆ ನಮ್ಮ ಗುಂಡ್ಲುಪೇಟೆ ಕಡೆ ಬದುಗಳಲ್ಲಿ ಒಂದು ಗರಿ ಹುಲ್ಲಿರಲಿಲ್ಲ. ಮನೆಯಲ್ಲಿ ರಾಗಿ ಹುಲ್ಲಿನ ಮೆದೆಯೂ ಸೊಂಟದ ಮಟ್ಟಕ್ಕೆ ಬಂದಿತ್ತು. ಆಗ ನಾನು ಆರನೇ ಕ್ಲಾಸು. ಅವ್ವ ಸಂಘದಲ್ಲಿ ಸಾಲ ತೆಗೆದು ಒಂದು ಸೀಮೆಹಸು ಕೊಂಡು ಒಂದೂವರೆ ತಿಂಗಳಾಗಿತ್ತು. ಅದರ ಹೆಸರು ಗೌರಿ. ಕಪ್ಪು ಬಿಳಿ ಮಚ್ಚೆಯ ಹಸು. ಬೆಳಿಗ್ಗೆ ಆರು ಲೀಟರ್, ಸಂಜೆ ಐದು ಲೀಟರ್ ಕೊಡುತ್ತಿತ್ತು. ಡೈರಿ ದುಡ್ಡಲ್ಲೇ ಸಾಲದ ಕಂತು ಕಟ್ಟಬೇಕಿತ್ತು.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಬಂದೆ. ಅಪ್ಪ, "ಗೌರಿನ ಹೊಡ್ಕೊಂಡು ಹೋಗಿ ರಾಗಿ ಕೂಳೆ ಹೊಲ್ದಲ್ಲಿ ಬುಡ್ಲಾ, ನೋಡ್ಕೊಂಡಿರು" ಅಂದರು. ಆ ಹೊಲದಲ್ಲಿ ಬರೀ ಬಿಸಿಲು, ಕೂರಕ್ಕೆ ಒಂದು ಮರ ಇಲ್ಲ. ಕೆರೆ ಏರಿ ಹಿಂದೆ ನಮ್ಮ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅಲ್ಲಿ ಸ್ವಲ್ಪ ತೇವ ಇರುವುದರಿಂದ ರೋಜಾ ಗಿಡ ಮಾತ್ರ ಹಸಿರಾಗಿ ನಿಂತಿತ್ತು. ನಾನು ಗೌರಿಯನ್ನು ಉದ್ದ ಹಗ್ಗ ಬಿಟ್ಟು ಅಲ್ಲೇ ಗೂಟಕ್ಕೆ ಕಟ್ಟಿ ಆಡಲು ಹೋದೆ. ಬ್ಯಾಟಿಂಗ್ ಸಿಗುವವರೆಗೆ ಕಾದು, ಆಡಿ, ಔಟಾಗಿ ಬರುವಷ್ಟರಲ್ಲಿ ಸಂಜೆ. ಹಗ್ಗ ಎಟಕುವಷ್ಟು ದೂರದ ಎಲೆಯೆಲ್ಲ ಖಾಲಿಯಾಗಿ ಬರೀ ಕಡ್ಡಿ ಉಳಿದಿತ್ತು. ಹೊಟ್ಟೆ ತುಂಬ ತಿಂದಿದೆ ಅಂತ ಖುಷಿಯೇ ಆಯಿತು. ಮನೆಯಲ್ಲಿ ಕೂಳೆ ಹೊಲದಲ್ಲೇ ಮೇಯಿಸಿದೆ ಅಂತ ಸುಳ್ಳು ಹೇಳಿದೆ.

ಭಾನುವಾರ ಗೌರಿ ಬೂಸ ಮುಟ್ಟಲಿಲ್ಲ. ಮೆಲುಕು ಹಾಕಲಿಲ್ಲ. ಸಗಣಿ ಸ್ವಲ್ಪವೇ, ಅದೂ ಗಟ್ಟಿ. ಬಿಸಿಲಿಗೆ ಹಿಂಗಾಗಿದೆ ಅಂತ ಅಜ್ಜಿ ಓಂಕಾಳು ಬೆಲ್ಲ ಕೊಟ್ಟರು. ಹೊರಗೆ ಗಾಳಿ ಆಡಲಿ ಅಂತ ಅಪ್ಪ ಅಂಗಳದಲ್ಲಿ ಕಟ್ಟಿದರು. ಅದು ಎಷ್ಟು ತಪ್ಪು ಅಂತ ಮುಂದೆ ಹೇಳುತ್ತೇನೆ. ಸೋಮವಾರ ಅದು ತಲೆ ಕೊಡವುತ್ತಾ ಗೋಡೆ ನೆರಳಿಗೆ ಎಳೆದಾಡಿತು. ಕಣ್ಣಲ್ಲಿ ನೀರು. ಮೂತಿ ಕೆಂಪಗೆ, ಕಿವಿ ದಪ್ಪಗೆ. ಹಾಲು ಅರ್ಧ ಲೀಟರಿಗೆ ಇಳಿಯಿತು. ಮಂಗಳವಾರ ಬೆಳಿಗ್ಗೆ ನೋಡಿದರೆ ಬೆನ್ನಿನ ಬಿಳಿ ಮಚ್ಚೆಗಳು ಊದಿ, ಅಲ್ಲಲ್ಲಿ ಬಿರಿದು, ಹಳದಿ ನೀರು ಸೋರುತ್ತಿತ್ತು. ಕೆಚ್ಚಲು ಮುಟ್ಟಿದರೆ ಒದೆಯುತ್ತಿತ್ತು. ಆಶ್ಚರ್ಯ ಏನೆಂದರೆ ಕಪ್ಪು ಮಚ್ಚೆಗಳಿಗೆ ಏನೂ ಆಗಿರಲಿಲ್ಲ. ಎಲ್ಲಿ ಬಿಳಿ ಮುಗಿದು ಕಪ್ಪು ಶುರುವಾಗುತ್ತದೋ ಅಲ್ಲಿಗೆ ಗೆರೆ ಎಳೆದಂತೆ ಗಾಯ ನಿಂತಿತ್ತು.

ನೋಡಿದವರೆಲ್ಲ ಬಿಸಿನೀರು ಎರಚಿದ್ದಾರೆ ಅಂದರು. ನಮಗೂ ಪಕ್ಕದ ಹೊಲದವರಿಗೂ ಬದುವಿನ ವಿಚಾರಕ್ಕೆ ಜಗಳ ಇತ್ತು. ಅಷ್ಟು ಸಾಕಾಯಿತು. "ಅವ್ನೇ ಎರ್ಚವ್ನೆ, ಬಾಯಿಲ್ಲದ ಪ್ರಾಣಿ ಮೇಲೆ" ಅಂತ ಅವ್ವ ಬೀದಿಯಲ್ಲೇ ಅತ್ತರು. ಸಂಜೆ ಅಪ್ಪ ಅವರ ಬಾಗಿಲಲ್ಲಿ ನಿಂತು ಆಡಬಾರದ ಮಾತೆಲ್ಲ ಆಡಿದರು. ಬಿಸಿನೀರು ಎರಚಿದರೆ ಕಪ್ಪು ಜಾಗ ಬಿಟ್ಟು ಬಿಳಿ ಜಾಗಕ್ಕೆ ಮಾತ್ರ ಹೇಗೆ ಬೀಳುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ದಿನ ಮಧ್ಯಾಹ್ನವೇ ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದಿದ್ದರು. ಗೌರಿಯ ಕಣ್ಣಿನ ರೆಪ್ಪೆ ಬಿಡಿಸಿ ಬಿಳಿ ಭಾಗ ತೋರಿಸಿದರು, ಅರಿಶಿನ ಹಚ್ಚಿದ ಹಾಗಿತ್ತು. ಬಾಯಿ ಒಳಗೂ ಹಾಗೇ. "ಇದು ಕಾಮಾಲೆ. ಬಿಸಿನೀರಿಗೆ ಕಣ್ಣು ಹಳದಿ ಆಗಲ್ಲ. ಯಾವ ಸೊಪ್ಪು ತಿಂತು?" ಎಂದರು. ಅಪ್ಪ, "ಸೊಪ್ಪು ಎಲ್ಲಿದೆ ಮೇಡಮ್ಮೋರೆ, ಬರೀ ರಾಗಿ ಹುಲ್ಲು, ಕೂಳೆ" ಅಂದರು. ನಾನು ಅಲ್ಲೇ ಕಂಬ ಹಿಡಿದು ನಿಂತಿದ್ದೆ. ಬಾಯಿ ಬರಲಿಲ್ಲ. ಅವರು ಇಂಜೆಕ್ಷನ್ ಕೊಟ್ಟು, ಕೊಟ್ಟಿಗೆ ಒಳಗೆ ಕತ್ತಲಲ್ಲಿ ಕಟ್ಟಿ ಅಂತ ಹೇಳಿ ಹೋದರು. ರಾತ್ರಿ ಅಪ್ಪನ ಜಗಳ ಕೇಳಿಸಿಕೊಂಡು ನಿದ್ದೆ ಬರಲಿಲ್ಲ. ಬುಧವಾರ ಬೆಳಿಗ್ಗೆ ಅಜ್ಜಿ ಹತ್ತಿರ ಹೇಳಿದೆ. ಅಜ್ಜಿ ನನ್ನ ಕೈ ಹಿಡಿದು ಸೀದಾ ಅಪ್ಪನ ಮುಂದೆ ನಿಲ್ಲಿಸಿದರು. ಅಪ್ಪ ಹೊಡೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಡಾಕ್ಟರಮ್ಮನನ್ನು ಕರೆಯಲು ಹೋದರು.

ಇನ್ನು ವಿಷಯಕ್ಕೆ ಬರುತ್ತೇನೆ. ಇದನ್ನು ನನಗೆ ತಿಳಿಸಿಕೊಟ್ಟವರು ಡಾಕ್ಟರಮ್ಮ, ಆಮೇಲೆ ಅವರ ದಪ್ಪ ಇಂಗ್ಲಿಷ್ ಪುಸ್ತಕ ತಂದು ಓದಿ ಹೇಳಿದವರು ನಮ್ಮ ವಿಜ್ಞಾನದ ಮೇಷ್ಟ್ರು.

ಹಸು ಹಸಿರು ಮೇವು ತಿಂದಾಗ ಅದರಲ್ಲಿರುವ ಪತ್ರಹರಿತ್ತನ್ನು ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಒಡೆಯುತ್ತವೆ. ಒಡೆದಾಗ ಫಿಲ್ಲೋಎರಿಥ್ರಿನ್ ಎಂಬ ವಸ್ತು ಬರುತ್ತದೆ. ಉದ್ದ ಹೆಸರು, ನಾನು ಹತ್ತು ಸಲ ಬರೆದು ಕಲಿತೆ. ಗ್ರೀಕ್ ಭಾಷೆಯಲ್ಲಿ ಫಿಲ್ಲೋ ಅಂದರೆ ಎಲೆ, ಎರಿಥ್ರೋಸ್ ಅಂದರೆ ಕೆಂಪು. ಇದು ರೋಜಾ ಗಿಡದಿಂದ ಮಾತ್ರ ಬರುವುದಲ್ಲ. ಗರಿಕೆ ತಿಂದರೂ ಬರುತ್ತದೆ, ಜೋಳದ ಕಡ್ಡಿ ತಿಂದರೂ ಬರುತ್ತದೆ. ದಿನಾ ಎಲ್ಲ ಹಸುಗಳಲ್ಲೂ ಆಗುತ್ತಲೇ ಇರುತ್ತದೆ. ಅದು ರಕ್ತಕ್ಕೆ ಸೇರಿದ ತಕ್ಷಣ ಪಿತ್ತಜನಕಾಂಗ (ನಾವು ಈಲಿ ಅನ್ನುತ್ತೇವಲ್ಲ ಅದು) ಹಿಡಿದು ಪಿತ್ತರಸದ ಜೊತೆ ಕರುಳಿಗೆ ದಬ್ಬುತ್ತದೆ. ಸಗಣಿಯಲ್ಲಿ ಹೊರಗೆ ಹೋಗುತ್ತದೆ. ಹಾಗಾಗಿ ತೊಂದರೆ ಇಲ್ಲ.

ರೋಜಾ ಎಲೆಯಲ್ಲಿ ಲಂಟಾಡೀನ್ ಎಂಬ ವಿಷ ಇದೆ. ಅದು ಪಿತ್ತಜನಕಾಂಗದ ಒಳಗೆ ಪಿತ್ತರಸ ಹರಿಯುವ ಸಣ್ಣ ಸಣ್ಣ ಕಾಲುವೆಗಳನ್ನು ಕೆಡಿಸುತ್ತದೆ. ಕೆರೆ ತೂಬು ಕಟ್ಟಿಕೊಂಡರೆ ಏನಾಗುತ್ತದೆ? ಒಳಗೆ ಬರುವ ನೀರು ಬರುತ್ತಲೇ ಇರುತ್ತದೆ, ಹೊರಗೆ ಹೋಗುವುದಿಲ್ಲ, ಕೊನೆಗೆ ಏರಿ ಮೇಲೆ ಹರಿಯುತ್ತದೆ. ಹಾಗೆಯೇ ಪಿತ್ತರಸ ರಕ್ತಕ್ಕೆ ತಿರುಗಿ ಕಣ್ಣು ಬಾಯಿ ಹಳದಿಯಾಗುತ್ತದೆ, ಅದೇ ಕಾಮಾಲೆ. ಅದರ ಜೊತೆಗೆ ಫಿಲ್ಲೋಎರಿಥ್ರಿನ್ ಕೂಡ ರಕ್ತದಲ್ಲೇ ಉಳಿದು ಮೈಯೆಲ್ಲ ಸುತ್ತಿ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳಿಗೆ ಬಂದು ಸೇರುತ್ತದೆ.

ಕತ್ತಲಲ್ಲಿ ಅದು ಅಲ್ಲಿದ್ದರೂ ಸುಮ್ಮನೆ ಇರುತ್ತದೆ. ಬೆಳಕು ಬಿದ್ದರೆ ಮಾತ್ರ ಆ ಬೆಳಕಿನ ಶಕ್ತಿಯನ್ನು ಹೀರಿ ಪಕ್ಕದಲ್ಲಿರುವ ಆಮ್ಲಜನಕಕ್ಕೆ ದಾಟಿಸುತ್ತದೆ. ಶಕ್ತಿ ತುಂಬಿದ ಆಮ್ಲಜನಕ ಪಕ್ಕದ ಜೀವಕೋಶಗಳನ್ನು ಹರಿದುಹಾಕುತ್ತದೆ. ಚರ್ಮ ಊದುತ್ತದೆ, ನೀರು ಸೋರುತ್ತದೆ, ಕೊನೆಗೆ ಸತ್ತು ಕಿತ್ತು ಬರುತ್ತದೆ. ಇಲ್ಲಿ ಒಂದು ಮಾತು ಗಮನಿಸಿ. ಸುಡುವುದು ಬಿಸಿಲಿನ ಶಾಖ ಅಲ್ಲ, ಬೆಳಕು. ಅಪ್ಪ ಮೈಮೇಲೆ ತಣ್ಣೀರು ಹಾಕುತ್ತಿದ್ದರು. ಮೈ ತಂಪಾಯಿತೇ ಹೊರತು ಬೆಳಕು ಬೀಳುತ್ತಲೇ ಇತ್ತಲ್ಲ. ಚದುರಿದ ನೆರಳಿನ ಮರದ ಕೆಳಗೆ ಕಟ್ಟಿದರೂ ಸಾಲದು, ಕೊಟ್ಟಿಗೆ ಒಳಗೇ ಇರಬೇಕಂತೆ.

ಈಗ ಬಿಳಿ ಕಪ್ಪಿನ ಲೆಕ್ಕ. ಸೀಮೆಹಸುವಿನ ಕಪ್ಪು ಕೂದಲಿನ ಕೆಳಗೆ ಚರ್ಮವೂ ಕಪ್ಪು, ಬಿಳಿ ಕೂದಲಿನ ಕೆಳಗೆ ಚರ್ಮ ಗುಲಾಬಿ ಬಣ್ಣ. ಕಪ್ಪು ಚರ್ಮದಲ್ಲಿ ಮೆಲನಿನ್ ಇರುತ್ತದೆ, ಅದು ಬೆಳಕನ್ನು ಮೇಲೇ ತಡೆಯುತ್ತದೆ. ಗುಲಾಬಿ ಚರ್ಮಕ್ಕೆ ಆ ಛತ್ರಿ ಇಲ್ಲ. ಕೂದಲು ಕಡಿಮೆ ಇರುವ ಮೂತಿ, ಕಿವಿ, ಕಣ್ಣಿನ ಸುತ್ತ, ಕೆಚ್ಚಲು ಇಲ್ಲೆಲ್ಲ ಇನ್ನೂ ಜಾಸ್ತಿ.

ಹಾಗಾದರೆ ನಮ್ಮ ಹಳ್ಳಿಕಾರ್ ಎತ್ತು ಬಿಳಿ ಇದೆಯಲ್ಲ ಅಂತ ನಾನು ಕೇಳಿದೆ. ಡಾಕ್ಟರಮ್ಮ, "ಕೂದಲು ಸರಿಸಿ ನೋಡು" ಅಂದರು. ಹೋಗಿ ನೋಡಿದೆ. ಮೇಲೆ ಬೂದು ಬಿಳಿ ಕೂದಲು, ಕೆಳಗೆ ಚರ್ಮ ಕಪ್ಪು! ನಾನು ದಿನಾ ಮೈ ತೊಳೆಯುವ ಎತ್ತು, ಇಷ್ಟು ವರ್ಷ ನೋಡಿರಲೇ ಇಲ್ಲ. ನಿಮ್ಮ ಮನೆಯ ಎತ್ತನ್ನೂ ನೋಡಿ. (ಒದ್ದರೆ ನಾನು ಹೊಣೆ ಅಲ್ಲ.)

ಆದರೆ ಕಪ್ಪು ಚರ್ಮದ ದನಕ್ಕೆ, ಎಮ್ಮೆಗೆ ರೋಜಾ ಎಲೆ ಏನೂ ಮಾಡುವುದಿಲ್ಲ ಅಂತ ತಿಳಿಯಬೇಡಿ. ಇಲ್ಲೇ ಮೋಸ ಇರುವುದು. ಅವುಗಳಿಗೂ ಒಳಗೆ ಪಿತ್ತಜನಕಾಂಗ ಅಷ್ಟೇ ಕೆಡುತ್ತದೆ, ಹೊರಗೆ ಗಾಯ ಕಾಣುವುದು ಮಾತ್ರ ಕಮ್ಮಿ. ಗಾಯ ಇಲ್ಲವಲ್ಲ ಅಂತ ಸುಮ್ಮನಿದ್ದರೆ ಪ್ರಾಣಿ ಒಳಗೊಳಗೇ ಸತ್ತುಹೋಗುತ್ತದೆ. ಮೆಲುಕು ನಿಂತಿತೇ, ಸಗಣಿ ಗಟ್ಟಿಯಾಯಿತೇ, ಗಂಜಲ ಕಪ್ಪಗೆ ಬರುತ್ತಿದೆಯೇ, ಕಣ್ಣಿನ ಬಿಳಿ ಹಳದಿಯಾಗಿದೆಯೇ ಅಂತ ನೋಡಬೇಕು. ಕುರಿ ಆಡುಗಳಿಗೂ ಇದು ವಿಷವೇ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಇದೆ, ಮುಟ್ಟಿದ್ದೆಲ್ಲ ಜೀರ್ಣವಾಗುತ್ತದೆ ಅಂತ ಗಾದೆಯಲ್ಲಿ ಹೇಳಿಲ್ಲ.

ನಮ್ಮ ಎತ್ತುಗಳು ಎಷ್ಟೋ ವರ್ಷದಿಂದ ಕೆರೆ ಏರಿ ಹಿಂದೆ ಮೇಯುತ್ತವೆ, ಒಂದು ದಿನ ರೋಜಾ ಎಲೆಗೆ ಬಾಯಿ ಹಾಕಿಲ್ಲ. ಗೌರಿ ಯಾಕೆ ತಿಂತು? ಈ ಗಿಡ ಇರುವ ಕಡೆ ಹುಟ್ಟಿ ಬೆಳೆದ ದನಗಳು ಸಾಮಾನ್ಯವಾಗಿ ಅದನ್ನು ಬಿಟ್ಟು ಮೇಯುತ್ತವೆ. ಹೊಸದಾಗಿ ಬೇರೆ ಕಡೆಯಿಂದ ತಂದ ದನ, ಹಸಿದ ದನ, ಬರಗಾಲದಲ್ಲಿ ಬೇರೆ ಹಸಿರು ಸಿಗದ ದನ ತಿನ್ನುತ್ತವೆ. ಗೌರಿ ಈ ಮೂರೂ ಆಗಿತ್ತು. ಅದರ ಮೇಲೆ ನಾನು ಹಗ್ಗ ಹಾಕಿ ಅಲ್ಲೇ ಕಟ್ಟಿದ್ದೆ.

ಬುಧವಾರ ಡಾಕ್ಟರಮ್ಮ ಬಂದಾಗ, ತಿಂದು ಐದನೇ ದಿನ, ಇನ್ನು ಔಷಧಿ ಕೊಟ್ಟು ಏನು ಪ್ರಯೋಜನ ಅಂತ ಅಪ್ಪ ಕೇಳಿದರು. ಆಗ ಅವರು ಹೇಳಿದ್ದು ನನಗೆ ಬಹಳ ವಿಚಿತ್ರ ಅನಿಸಿತು. ಪಿತ್ತಜನಕಾಂಗ ಕೆಟ್ಟರೆ ಮೊದಲ ಹೊಟ್ಟೆ ಅಲುಗಾಡುವುದನ್ನೇ ನಿಲ್ಲಿಸುತ್ತದೆ. ಹೊಟ್ಟೆ ನಿಂತರೆ ತಿಂದ ಎಲೆ ಮುಂದಕ್ಕೆ ಹೋಗದೆ ಅಲ್ಲೇ ಕೂರುತ್ತದೆ. ಕೂತ ಎಲೆಯಿಂದ ವಿಷ ದಿನವೂ ಸ್ವಲ್ಪ ಸ್ವಲ್ಪ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅಂದರೆ ಶನಿವಾರದ ಎಲೆ ಬುಧವಾರವೂ ಗೌರಿಗೆ ವಿಷ ಹಾಕುತ್ತಿತ್ತು. ಅದಕ್ಕೆ ಹೊಟ್ಟೆಯೊಳಗೇ ವಿಷವನ್ನು ಹಿಡಿದುಕೊಳ್ಳುವ ಔಷಧಿ ಇದ್ದಿಲಿನ ಪುಡಿ ಕೊಡುತ್ತಾರೆ. ಹಸುವಿನ ತೂಕ ಒಂದು ಕೆಜಿಗೆ 5 ಗ್ರಾಂ ಲೆಕ್ಕ. ಗೌರಿ ಸುಮಾರು 400 ಕೆಜಿ, ಗುಣಿಸಿದರೆ 2 ಕೆಜಿ ಇದ್ದಿಲು! ಇದು ಒಲೆಯ ಇದ್ದಿಲಲ್ಲ, ಔಷಧಿಗೆಂದೇ ತಯಾರಿಸಿದ್ದು. ನೀರಲ್ಲಿ ಕಲಸಿ ಕೊಳವೆ ಮೂಲಕ ಸೀದಾ ಹೊಟ್ಟೆಗೆ ಬಿಟ್ಟರು. ನಾವೇ ಬಾಯಿಗೆ ಹಿಡಿದು ಕುಡಿಸಲು ಹೋದರೆ ಶ್ವಾಸಕೋಶಕ್ಕೆ ಹೋಗಿ ಹಸು ಸಾಯಬಹುದಂತೆ. ಜೊತೆಗೆ ಗ್ಲೂಕೋಸ್ ಬಾಟಲಿ ಹಾಕಿದರು. ಬಾಟಲಿ ಹಿಡಿದು ನಿಂತವನು ನಾನೇ.

"ನಿನ್ನೆನೇ ಹೇಳಿದ್ರೆ ನಿನ್ನೆನೇ ಕೊಡ್ತಿದ್ದೆ ಮಗು" ಅಂತ ಡಾಕ್ಟರಮ್ಮ ಅಂದರು. ಬೈದಂತೆ ಹೇಳಲಿಲ್ಲ. ಆದರೂ ಆ ಮಾತು ಈಗಲೂ ನೆನಪಿದೆ.

ಅವತ್ತೇ ನಾವು ಇನ್ನೊಂದು ತಪ್ಪು ಮಾಡುವವರಿದ್ದೆವು. ಪಾಪ ಹಸು ಏನೂ ತಿಂದಿಲ್ಲ ಅಂತ ಅವ್ವ ಯಾರದೋ ಪಂಪ್‌ಸೆಟ್ ತೋಟದಿಂದ ಒಂದು ಹೊರೆ ಹಸಿ ಹುಲ್ಲು ತಂದಿದ್ದರು. ಡಾಕ್ಟರಮ್ಮ ಬೇಡ ಅಂದರು. ಈಗ ನಿಮಗೇ ಕಾರಣ ಹೊಳೆದಿರಬೇಕು. ತೂಬು ಇನ್ನೂ ಕಟ್ಟಿಕೊಂಡಿದೆ, ಹಸಿರು ಹೋದಷ್ಟೂ ಫಿಲ್ಲೋಎರಿಥ್ರಿನ್ ಜಾಸ್ತಿ. ಒಣಗಿದ ರಾಗಿ ಹುಲ್ಲೇ ವಾಸಿ. ಹಸಿ ಹುಲ್ಲನ್ನು ಎತ್ತುಗಳು ತಿಂದವು.

ಗಾಯಕ್ಕೆ ಮುಲಾಮು ಹಚ್ಚಿ, ನೊಣ ಕೂತು ಹುಳ ಬೀಳದಿರಲಿ ಅಂತ ಸುತ್ತ ಬೇವಿನ ಎಣ್ಣೆ ಸವರುತ್ತಿದ್ದೆವು. ಕೊಟ್ಟಿಗೆಯ ಕಿಟಕಿಗೆ ಗೋಣಿಚೀಲ ಕಟ್ಟಿದೆವು. ಹತ್ತು ಹನ್ನೆರಡು ದಿನಕ್ಕೆ ಬೆನ್ನಿನ ಬಿಳಿ ಚರ್ಮ ಒಣಗಿದ ಚಪ್ಪಲಿ ತೊಗಲಿನ ಹಾಗೆ ಗಟ್ಟಿಯಾಗಿ ತುಂಡು ತುಂಡಾಗಿ ಬಿತ್ತು. ಕೆಳಗೆ ಎಳೆ ಚರ್ಮ.

ಈ ಗಿಡ ನಮ್ಮದೇ ಅಲ್ಲ ಅಂತ ಮೇಷ್ಟ್ರು ಹೇಳಿದರು. ಅಮೆರಿಕ ಖಂಡದ ಬಿಸಿ ಪ್ರದೇಶಗಳದು. ಹತ್ತೊಂಬತ್ತನೇ ಶತಮಾನದ ಮೊದಲಲ್ಲಿ ಅಂದಕ್ಕೆಂದು ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು, ಈಗ ಬಂಡೀಪುರದ ಕಾಡನ್ನೇ ಮುಚ್ಚಿದೆ. ಹಣ್ಣು ತಿಂದ ಪಿಕಳಾರ ಹಕ್ಕಿಗಳು ಬೀಜ ಹರಡುತ್ತವೆ. ಕಪ್ಪಗೆ ಹಣ್ಣಾದ್ದನ್ನು ನಾವೂ ತಿಂದಿದ್ದೇವೆ, ಆದರೆ ಹಸಿರು ಕಾಯಿ ವಿಷ, ಚಿಕ್ಕ ಮಕ್ಕಳಿಗೆ ಕೊಡಬೇಡಿ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಇದರ ಕಡ್ಡಿಯಿಂದ ಕುರ್ಚಿ ಮೇಜು ಮಾಡುತ್ತಾರೆ, ಅದೊಂದೇ ಇದರಿಂದ ನಾನು ಕೇಳಿದ ಉಪಕಾರ. ಹಿಮಾಚಲ ಪ್ರದೇಶದ ಪಾಲಂಪುರದಲ್ಲಿ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ, ಅಲ್ಲಿಯ ವಿಜ್ಞಾನಿಗಳು ಈ ಎಲೆಯ ವಿಷದ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಎಲೆ ಒಣಗಿದರೂ ವಿಷ ಹೋಗುವುದಿಲ್ಲ, ಆದ್ದರಿಂದ ಬೇಲಿ ಸವರಿದ ಸೊಪ್ಪನ್ನು ಕೊಟ್ಟಿಗೆ ಹತ್ತಿರ ರಾಶಿ ಹಾಕಬಾರದು. ನಮ್ಮ ಬೀದಿಯಲ್ಲಿ ಎರಡು ಮನೆಯವರು ಈಗಲೂ ಹಾಕುತ್ತಾರೆ.

ಪುಸ್ತಕದಲ್ಲಿ ಇನ್ನೊಂದು ಸಂಗತಿ ಇತ್ತು. ದಕ್ಷಿಣ ಆಫ್ರಿಕಾದಲ್ಲಿ ಕುರಿಗಳಿಗೆ ಇಂಥದ್ದೇ ರೋಗ ಬರುತ್ತದೆ. ತಲೆ ಊದಿ ಹಳದಿಯಾಗುವುದರಿಂದ ಅಲ್ಲಿಯವರು ಅದನ್ನು 'ಹಳದಿ ದಪ್ಪ ತಲೆ' ಎಂಬ ಅರ್ಥದ ಹೆಸರಿಂದ ಕರೆಯುತ್ತಾರೆ. 1930ರ ದಶಕದಲ್ಲಿ ಕ್ವಿನ್ ಮತ್ತು ರಿಮಿಂಗ್ಟನ್ ಎಂಬ ವಿಜ್ಞಾನಿಗಳು ಆ ಕುರಿಗಳನ್ನು ಪರೀಕ್ಷೆ ಮಾಡಿ, ಸುಡಿಸುವುದು ಫಿಲ್ಲೋಎರಿಥ್ರಿನ್ ಅಂತ ತೋರಿಸಿದರು. ಆ ಕುರಿಗಳು ತಿನ್ನುವ ಗಿಡ ಯಾವುದು ಗೊತ್ತೇ? ನೆಗ್ಗಿಲು! ನಾವು ಬರಿಗಾಲಲ್ಲಿ ಹೊಲಕ್ಕೆ ಹೋದರೆ ಚುಚ್ಚುವ ಅದೇ ಮುಳ್ಳು. ಓದಿದಾಗ ಅಲ್ಲಿಯೂ ಯಾವುದೋ ಊರಲ್ಲಿ ಪಕ್ಕದವರ ಮೇಲೆ ಅನುಮಾನಪಟ್ಟಿರುತ್ತಾರೇನೋ ಅಂತ ಅನಿಸಿತು.

ಗೌರಿ ಬದುಕಿದೆ. ಎಡ ಕಿವಿಯ ತುದಿ ಒಣಗಿ ಬಿದ್ದುಹೋಯಿತು. ಆ ಸೂಲಿನಲ್ಲಿ ಹಾಲು ಮೂರು ಲೀಟರಿನ ಮೇಲೆ ಏರಲೇ ಇಲ್ಲ, ಸಾಲದ ಕಂತಿಗೆ ಅಪ್ಪ ಎರಡು ತಿಂಗಳು ಕೂಲಿಗೆ ಹೋದರು. ಬೆನ್ನ ಮೇಲೆ ಈಗ ಮತ್ತೆ ಬಿಳಿ ಕೂದಲು ಬಂದಿದೆ, ಕೈ ಆಡಿಸಿದರೆ ಕೆಳಗೆ ಒರಟು ಒರಟು ಸಿಗುತ್ತದೆ.

ಪಕ್ಕದ ಹೊಲದವರ ಮನೆಗೆ ಅಪ್ಪ ಆಮೇಲೆ ಹೋಗಿ ತಪ್ಪಾಯ್ತು ಅಂತ ಹೇಳಿ ಬಂದರು. ಅವರು "ಆಗ್ಲಿ ಬುಡಪ್ಪ" ಅಂದರಂತೆ. ಅಷ್ಟೇ, ಮೊದಲಿನ ಹಾಗೆ ಮಾತಿಲ್ಲ. ಆದರೆ ತಪ್ಪು ಮಾಡಿದವನು ನಾನು, ನಾನು ಹೋಗಿರಲಿಲ್ಲ. ಅವರ ಮಗ ನಮ್ಮ ಶಾಲೆಯಲ್ಲೇ ಐದನೇ ಕ್ಲಾಸಿನಲ್ಲಿದ್ದಾನೆ, ಊಟದ ಬೆಲ್ಲು ಹೊಡೆದ ಮೇಲೆ ಈ ಗೋಡೆ ಹತ್ತಿರ ಬಂದು ಎಲ್ಲವನ್ನೂ ಓದುತ್ತಾನೆ. ನಿಮ್ಮಪ್ಪ ನಮ್ಮ ಗೌರಿ ಮೇಲೆ ಬಿಸಿನೀರು ಎರಚಿಲ್ಲ ಕಣೋ. ಮನೆಯಲ್ಲಿ ಇದನ್ನು ಓದಿ ಹೇಳು.

– ಏಳನೇ ತರಗತಿ